ಕಾನೂನು ಕಾಲೇಜು: ಊರಿಗೆ ಹತ್ತಿರವೋ, ಹೆಸರಿಗೆ ಹತ್ತಿರವೋ?

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದಿಂದ ಕೂಗಳತೆಯ ದೂರದಲ್ಲಿರುವ ಬಸ್ತಿಹಳ್ಳಿಯನ್ನು ಹೊರಗಿನವರು ಬಲ್ಲದ್ದು ಅಲ್ಲಿನ ಮೂರು ಜೈನ ಬಸದಿಗಳಿಂದ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳ ಸಾಲಿನಲ್ಲಿ ದೊಡ್ಡದಾದ ಪಾರ್ಶ್ವನಾಥ ಬಸದಿ 1133ರಷ್ಟು ಹಳೆಯದು. ಊರಿನವರಿಗೆ ಇದೇ ಸ್ಮಾರಕ ಕಾನೂನಿನ ರೂಪದಲ್ಲಿಯೂ ಎದುರಾಗುತ್ತದೆ. ಪ್ರಾಚೀನ ಸ್ಮಾರಕಗಳಿಗೆ ಸಂಬಂಧಿಸಿದ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಇಲ್ಲದೆ ಏನನ್ನೂ ಎಬ್ಬಿಸುವಂತಿಲ್ಲ. ಆ ಗೆರೆಯೊಳಗೆ ಮನೆ ಇರುವವರು ಸೋರುವ ಮಾಡನ್ನು ರಿಪೇರಿ ಮಾಡಿಸಬೇಕೆಂದರೂ ಅರ್ಜಿ ಬರೆಯಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಈ ಭಾಗದಲ್ಲಿ ಜಾಗದ ಬೆಲೆಯೂ ಜಾಗದ ತಕರಾರೂ ಹೊಸ ಅರ್ಥ ಪಡೆದಿವೆ.

ಸುತ್ತಲಿನ ಸೀಮೆಯಲ್ಲಿಯೂ ಕಾನೂನಿನ ಕೆಲಸಕ್ಕೆ ಬರವಿಲ್ಲ. ಬೇಲೂರಿನ ಮಲೆನಾಡು ಅಂಚಿನಲ್ಲಿ ಕಾಡಾನೆ ತುಳಿದ ಬೆಳೆಗೆ ಪರಿಹಾರ ಕೇಳುವವರಿದ್ದಾರೆ. ಅರಸೀಕೆರೆಯ ತೆಂಗಿನ ತೋಟಗಳಲ್ಲಿ ಅಣ್ಣತಮ್ಮಂದಿರ ಪಾಲಿನ ದಾವೆಗಳು ನಡೆಯುತ್ತಿವೆ. ಬಗರ್‌ಹುಕುಂ ಜಮೀನಿಗಾಗಿ ಫಾರಂ 50, 53, 57 ಎಂದು ಮೂರು ಕಾಲಘಟ್ಟಗಳಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರು, ಪೋಡಿಯಾಗದೆ ಪಹಣಿಯಲ್ಲಿ ಹೆಸರು ಸಿಕ್ಕಿಹಾಕಿಕೊಂಡವರು, 1994ರ ಕರ್ನಾಟಕ ತಿದ್ದುಪಡಿ ಮತ್ತು 2005ರ ಕೇಂದ್ರ ತಿದ್ದುಪಡಿಯ ಬಲದಿಂದ ತವರಿನ ಆಸ್ತಿಯಲ್ಲಿ ಪಾಲು ಕೇಳುತ್ತಿರುವ ಹೆಣ್ಣುಮಕ್ಕಳು ಪ್ರತಿ ತಾಲ್ಲೂಕು ನ್ಯಾಯಾಲಯದ ಜಗಲಿಯಲ್ಲಿ ಸಿಗುತ್ತಾರೆ. ಇವರ ನಡುವೆ ಬೆಳೆದ ಹುಡುಗನೋ ಹುಡುಗಿಯೋ ದ್ವಿತೀಯ ಪಿಯು ಮುಗಿಸಿ ‘ಲಾ ಓದುತ್ತೇನೆ’ ಎಂದಾಗ ಮನೆಯವರ ಮುಂದೆ ಬರುವ ಪ್ರಶ್ನೆ ಒಂದೇ: ಎಲ್ಲಿ? ಉತ್ತರ ಒಂದೇ ಅಲ್ಲ. ಆ ಉತ್ತರಗಳ ನಡುವಿನ ಅಂತರ ಕಳೆದ ನಾಲ್ಕು ದಶಕಗಳಲ್ಲಿ ಬಹಳ ಹಿಗ್ಗಿದೆ.

ರಾಜ್ಯ ದಾಟಿ ಓದಬೇಕಿದ್ದ ಕಾಲ

ಕಾನೂನು ಓದಲು ಊರು ಬಿಡುವುದು ಈ ಸೀಮೆಗೆ ಹೊಸದಲ್ಲ. ಹಾಸನವನ್ನು ಒಳಗೊಂಡಿದ್ದ ಹಳೆಯ ಮೈಸೂರು ಸಂಸ್ಥಾನಕ್ಕೆ 1884ರಿಂದ ತನ್ನದೇ ಚೀಫ್ ಕೋರ್ಟ್ ಇತ್ತು. 1930ರಲ್ಲಿ ಅದು ಹೈಕೋರ್ಟ್ ಎನಿಸಿತು. 1916ರಲ್ಲಿ ತನ್ನದೇ ವಿಶ್ವವಿದ್ಯಾಲಯವೂ ಬಂತು. ಆದರೆ ಆ ನ್ಯಾಯಾಲಯದಲ್ಲಿ ವಾದಿಸುವವರನ್ನು ತಯಾರು ಮಾಡುವ ಕಾಲೇಜು ಸಂಸ್ಥಾನದೊಳಗೆ ಬಹುಕಾಲ ಇರಲಿಲ್ಲ. ಮೈಸೂರಿನವರು ಮದರಾಸು, ಮುಂಬಯಿ ಅಥವಾ ಪುಣೆಗೆ ಹೋಗಬೇಕಿತ್ತು. 1939ರಲ್ಲಿ ಆಗಿನ ಮುಂಬಯಿ ಪ್ರಾಂತ್ಯದ ಬೆಳಗಾವಿಯಲ್ಲಿ ಕಾನೂನು ಕಾಲೇಜು ಆರಂಭವಾದ ಮೇಲೆ ಕನ್ನಡದ ನೆಲದಲ್ಲೇ ಒಂದು ಆಸರೆ ಸಿಕ್ಕಿತು. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿ ಹುದ್ದೆಗೇರಿದ ಮಂಡ್ಯ ಸೀಮೆಯ ಹಳ್ಳಿಗರೊಬ್ಬರು 1940ರ ದಶಕದಲ್ಲಿ ಕಾನೂನು ಓದಿದ್ದು ಪುಣೆ ಮತ್ತು ಬೆಳಗಾವಿಯಲ್ಲಿ. ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ತೆರೆದದ್ದು 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ.

ಇದರ ಪರಿಣಾಮ ಸರಳವಾಗಿತ್ತು. ಮಗನನ್ನು ಪರಪ್ರಾಂತ್ಯದಲ್ಲಿ ಎರಡು ಮೂರು ವರ್ಷ ಇರಿಸಿ ಓದಿಸುವ ಶಕ್ತಿ ಇದ್ದ ಮನೆಗಳಿಗೆ ಮಾತ್ರ ವಕೀಲಿಕೆ ಎಟುಕಿತು. ಜಮೀನು ಇದ್ದವರು, ಸರ್ಕಾರಿ ಹುದ್ದೆಯಲ್ಲಿದ್ದವರು, ಮೊದಲೇ ಇಂಗ್ಲಿಷ್ ಕಲಿತಿದ್ದ ಸಮುದಾಯಗಳು ಜಿಲ್ಲಾ ವಕೀಲರ ಸಂಘಗಳನ್ನು ತುಂಬಿದವು. ಹೆಣ್ಣುಮಕ್ಕಳ ಪಾಲಿಗಂತೂ ಆ ಬಾಗಿಲು ಮುಚ್ಚಿದಂತೆಯೇ ಇತ್ತು.

ಏಕೀಕರಣದ ನಂತರ ಚಿತ್ರ ಬದಲಾಯಿತು. 1957ರಲ್ಲಿ ಉಡುಪಿಯಲ್ಲಿ ಕಾನೂನು ಕಾಲೇಜು ಬಂತು. 1961ರ ವಕೀಲರ ಕಾಯ್ದೆ ದೇಶಕ್ಕೆಲ್ಲ ಒಂದೇ ಬಗೆಯ ವಕೀಲವರ್ಗವನ್ನು ಕಲ್ಪಿಸಿತು. ಅಲ್ಲಿಂದ ಮುಂದೆ ಮಠಗಳು, ವಿದ್ಯಾಸಂಸ್ಥೆಗಳು, ಸರ್ಕಾರ ಎಲ್ಲ ಸೇರಿ ಜಿಲ್ಲಾ ಕೇಂದ್ರಗಳಲ್ಲಿ ಕಾಲೇಜು ತೆರೆದವು. ಇಂದು ಹಾಸನ ನಗರದಲ್ಲಿ ಸರ್ಕಾರಿ ಮತ್ತು ಖಾಸಗಿ ಕಾನೂನು ಕಾಲೇಜುಗಳಿವೆ. ಹೊಳೆನರಸೀಪುರದಲ್ಲಿಯೂ ಸರ್ಕಾರಿ ಕಾನೂನು ಕಾಲೇಜು ಇದೆ. ಬಸ್ತಿಹಳ್ಳಿಯಿಂದ ಹಾಸನಕ್ಕೆ ಸುಮಾರು 30 ಕಿಲೋಮೀಟರ್. ಅಜ್ಜನ ಕಾಲದಲ್ಲಿ ರಾಜ್ಯವನ್ನೇ ದಾಟಬೇಕಿದ್ದ ಓದು ಮೊಮ್ಮಗಳ ಕಾಲಕ್ಕೆ ಬೆಳಗಿನ ಬಸ್ಸಿನಷ್ಟು ಹತ್ತಿರ ಬಂದಿದೆ. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವುದರಿಂದ ಹಾಸ್ಟೆಲ್ ಖರ್ಚಿಗೆ ಅಂಜುವ ಮನೆಯ ಹುಡುಗಿಗೂ ಮನೆಯಿಂದಲೇ ಹೋಗಿಬಂದು ಓದುವ ದಾರಿ ತೆರೆದಿದೆ. ಇದು ಸಣ್ಣ ಬದಲಾವಣೆಯಲ್ಲ.

ಒಂದೇ ಪದವಿ, ಎರಡು ಲೋಕ

ಹತ್ತಿರ ಬಂದ ಓದು ಅದೇ ಹೊತ್ತಿಗೆ ಎರಡಾಗಿ ಸೀಳಿತು. ಆ ಸೀಳು ಆರಂಭವಾದದ್ದೂ ಕರ್ನಾಟಕದಲ್ಲೇ. 1986ರಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ ಕಾಯ್ದೆಯ ಮೂಲಕ ಬೆಂಗಳೂರಿನಲ್ಲಿ ದೇಶದ ಮೊದಲ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿತು. 1988ರಲ್ಲಿ ಐದು ವರ್ಷಗಳ ಸಮಗ್ರ ಪದವಿಯ ಮೊದಲ ತರಗತಿ ಆರಂಭವಾಯಿತು. ಪಿಯು ಮುಗಿದ ಕೂಡಲೇ ಕಾನೂನಿಗೆ ಬರುವುದು, ಪೂರ್ಣಾವಧಿ ಅಧ್ಯಾಪಕರು, ಅಣಕು ನ್ಯಾಯಾಲಯ, ಪ್ರಕರಣ ಆಧಾರಿತ ಪಾಠ ಎಲ್ಲವೂ ಕಾನೂನು ಶಿಕ್ಷಣದ ಗುಣಮಟ್ಟವನ್ನು ಮೇಲೆತ್ತಿದವು ಎಂಬುದರಲ್ಲಿ ಅನುಮಾನವಿಲ್ಲ. ಇತರ ರಾಜ್ಯಗಳು ಆ ಮಾದರಿಯನ್ನು ಅನುಸರಿಸಿದವು. 2008ರಿಂದ ಈ ಶಾಲೆಗಳ ಪ್ರವೇಶಕ್ಕೆ ‘ಕ್ಲಾಟ್’ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪರೀಕ್ಷೆ ಬಂತು.

ಈಗಿನ ಕ್ಲಾಟ್‌ನಲ್ಲಿ 120 ಪ್ರಶ್ನೆ, 120 ನಿಮಿಷ. ಬಹುತೇಕ ಎಲ್ಲವೂ ಉದ್ದನೆಯ ಇಂಗ್ಲಿಷ್ ಭಾಗಗಳನ್ನು ಓದಿ ಉತ್ತರಿಸುವಂಥವು. ತಪ್ಪಿದರೆ ಕಾಲು ಅಂಕ ಕಡಿತ. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ ₹4,000. ಪರೀಕ್ಷೆಗೆ ತಯಾರಿ ಎಂದರೆ ನಗರದ ಕೋಚಿಂಗ್. ಸೀಟು ಸಿಕ್ಕರೆ ವರ್ಷಕ್ಕೆ ಲಕ್ಷಗಳಲ್ಲಿ ಶುಲ್ಕ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಹಳೇಬೀಡು ಅಥವಾ ಜಾವಗಲ್ ಕಡೆಯ ಕಾಲೇಜಿನಲ್ಲಿ ಕಲಾ ವಿಭಾಗದ ಪಿಯು ಓದಿದ ವಿದ್ಯಾರ್ಥಿಗೆ ಇಂಥದ್ದೊಂದು ಪರೀಕ್ಷೆ ಇದೆ ಎಂಬ ಸುದ್ದಿ ತಲುಪುವ ಹೊತ್ತಿಗೆ ಅರ್ಜಿಯ ಕೊನೆ ದಿನ ಮುಗಿದಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ನಡೆಯುತ್ತಿರುವುದು ಡಿಸೆಂಬರ್‌ನಲ್ಲಿ. ಪಿಯು ಫಲಿತಾಂಶ ಬಂದ ಮೇಲೆ ಮುಂದಿನ ಓದಿನ ಯೋಚನೆ ಮಾಡುವುದು ನಮ್ಮ ಊರುಗಳ ರೂಢಿ.

ಇನ್ನೊಂದು ಲೋಕ 2009ರ ಕಾಯ್ದೆಯಡಿ ಹುಬ್ಬಳ್ಳಿಯ ನವನಗರದಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದು. ಅದಕ್ಕೂ ಮೊದಲು ಆಯಾ ಪ್ರದೇಶದ ವಿಶ್ವವಿದ್ಯಾಲಯಗಳಡಿ ಇದ್ದ ಕಾನೂನು ಕಾಲೇಜುಗಳೆಲ್ಲ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆಯ ಕೆಳಗೆ ಬಂದವು. ಇಂದು ಅದರಡಿ ನೂರಕ್ಕೂ ಹೆಚ್ಚು ಕಾಲೇಜುಗಳಿವೆ. ನೆರೆಯ ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಲ್ಲಿರುವಂತೆ ಇಲ್ಲಿನ ಪ್ರವೇಶಕ್ಕೆ ರಾಜ್ಯಮಟ್ಟದ ಸಿಇಟಿ ಇಲ್ಲ. ಸಾಮಾನ್ಯ ವರ್ಗಕ್ಕೆ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಶೇಕಡಾ ಅಂಕಗಳಿದ್ದರೆ ಅರ್ಹತೆ. ರಾಜ್ಯದ ಬಹುಪಾಲು ವಕೀಲರು ಬರುವುದು ಈ ಲೋಕದಿಂದ. ಕಾನೂನು ಶಿಕ್ಷಣದ ಬಗ್ಗೆ ನಡೆಯುವ ಚರ್ಚೆಯ ಬಹುಪಾಲು ಮಾತ್ರ ಮೊದಲನೆಯ ಲೋಕದ ಬಗ್ಗೆ.

ಈ ಎರಡರ ನಡುವೆ ಸೇತುವೆ ಕಟ್ಟುವ ಪ್ರಯತ್ನ ಒಮ್ಮೆ ನಡೆಯಿತು. 2020ರಲ್ಲಿ ರಾಜ್ಯ ಸರ್ಕಾರ 1986ರ ಕಾಯ್ದೆಗೆ ತಿದ್ದುಪಡಿ ತಂದು, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಶೇ 25ರಷ್ಟು ಸೀಟುಗಳನ್ನು ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಮೀಸಲಿಟ್ಟಿತು. ಬೇರೆ ರಾಜ್ಯಗಳ ಇಂಥ ಶಾಲೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಇರುವಾಗ, ನೆಲ ಮತ್ತು ನೆರವು ಕೊಟ್ಟ ಕರ್ನಾಟಕದ ಮಕ್ಕಳಿಗೆ ಏಕಿಲ್ಲ ಎಂಬ ವಾದ ಒಂದು ಕಡೆ. ಸಂಸ್ಥೆಯ ರಾಷ್ಟ್ರೀಯ ಸ್ವರೂಪ ಕೆಡುತ್ತದೆ, ರಾಜ್ಯಕ್ಕೆ ಹೀಗೆ ನಿರ್ದೇಶಿಸುವ ಅಧಿಕಾರವಿಲ್ಲ ಎಂಬ ವಾದ ಇನ್ನೊಂದು ಕಡೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ತಿದ್ದುಪಡಿಯನ್ನು ರದ್ದುಪಡಿಸಿತು. ನಂತರ ಶಾಲೆ ತನ್ನದೇ ವಿಸ್ತರಣಾ ಯೋಜನೆಯಡಿ ರಾಜ್ಯದ ವಿದ್ಯಾರ್ಥಿಗಳಿಗೆ ಶೇ 25ರ ಅವಕಾಶ ಕಲ್ಪಿಸಿತು. ಎರಡೂ ವಾದಗಳಲ್ಲಿ ತಿರುಳಿದೆ. ಆದರೆ ರಾಜ್ಯದಲ್ಲಿ 10 ವರ್ಷ ಓದಿದವರು ಎಂಬ ವ್ಯಾಖ್ಯೆಯೊಳಗೆ ಬೆಂಗಳೂರಿನ ದುಬಾರಿ ಶಾಲೆಯ ಮಗುವೂ ಬಸ್ತಿಹಳ್ಳಿಯ ಸರ್ಕಾರಿ ಶಾಲೆಯ ಮಗುವೂ ಸಮಾನ. ಇಂಗ್ಲಿಷ್‌ನಲ್ಲಿಯೇ ನಡೆಯುವ ಪರೀಕ್ಷೆಯಲ್ಲಿ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡದಲ್ಲಿ ಬರೆಯಬಹುದು, ಓದಲು ಏನಿದೆ?

ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯನ್ನು ಕೈಗೆತ್ತಿಕೊಂಡು ನೋಡಿದರೆ ಮೊದಲ ಸಾಲುಗಳಲ್ಲೇ ಒಂದು ಸೂಚನೆ ಕಾಣುತ್ತದೆ: ಉತ್ತರಗಳನ್ನು ಪೂರ್ತಿಯಾಗಿ ಇಂಗ್ಲಿಷ್‌ನಲ್ಲಿ ಅಥವಾ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬೇಕು. ಪತ್ರಿಕೆ ಐದು ಘಟಕಗಳಾಗಿ ಹಂಚಿರುತ್ತದೆ. ಪ್ರತಿ ಇಂಗ್ಲಿಷ್ ಪ್ರಶ್ನೆಯ ಕೆಳಗೆ ಅದರ ಕನ್ನಡ ರೂಪ ಇರುತ್ತದೆ. ಹಳ್ಳಿಗಾಡಿನ ಸಾವಿರಾರು ವಿದ್ಯಾರ್ಥಿಗಳು ವಕೀಲರಾಗಿರುವುದು ಈ ಒಂದು ಅವಕಾಶದಿಂದ. ಅದನ್ನು ಹಗುರವಾಗಿ ಕಾಣಬಾರದು.

ಆದರೆ ಬರೆಯುವ ಹಕ್ಕು ಸಿಕ್ಕಷ್ಟು ಸುಲಭವಾಗಿ ಓದುವ ಸಾಮಗ್ರಿ ಸಿಕ್ಕಿಲ್ಲ. ಕನ್ನಡದಲ್ಲಿ ಒಳ್ಳೆಯ ಕಾನೂನು ಗ್ರಂಥಗಳು ಕೆಲವಿವೆ. ಹೆಚ್ಚಿನವರ ಕೈಯಲ್ಲಿ ಇರುವುದು ಪರೀಕ್ಷೆಯ ಗೈಡುಗಳು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಾಗ ಐಪಿಸಿ, ಸಿಆರ್‌ಪಿಸಿಗಳ ಮೇಲಿನ ಗೈಡುಗಳೆಲ್ಲ ಒಮ್ಮೆಗೇ ಹಳತಾದವು. ಇಂಗ್ಲಿಷ್ ಪುಸ್ತಕಗಳ ಹೊಸ ಆವೃತ್ತಿಗಳು ಕೂಡಲೇ ಅಂಗಡಿಗೆ ಬಂದವು; ಕನ್ನಡದ ಓದುಗ ಹೆಚ್ಚು ಕಾಯಬೇಕಾಯಿತು. ಇಂಥ ಕಾಯುವಿಕೆಗೆ ಅಂಕದಲ್ಲಿಯೂ ಕಸುಬಿನಲ್ಲಿಯೂ ಬೆಲೆ ತೆರಬೇಕಾಗುತ್ತದೆ.

ನ್ಯಾಯಾಲಯಗಳ ಸ್ಥಿತಿಯೂ ಇಬ್ಬಗೆಯದು. ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಭಾಷೆ ಕನ್ನಡ. ಸಾಕ್ಷಿಯ ಹೇಳಿಕೆ, ಪಾಟೀ ಸವಾಲು, ಕಕ್ಷಿದಾರನ ಜೊತೆಗಿನ ಮಾತು ಎಲ್ಲ ಕನ್ನಡದಲ್ಲೇ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನದು ಇಂಗ್ಲಿಷ್. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠ ಕನ್ನಡದಲ್ಲಿ ತೀರ್ಪು ಪ್ರಕಟಿಸಿದ್ದು ಸುದ್ದಿಯಾಯಿತು. ಸುದ್ದಿಯಾಗುವಷ್ಟು ಅದು ಅಪರೂಪ. ಬೇಲೂರಿನಲ್ಲಿ ವಕೀಲಿ ಮಾಡುವವರು ಕನ್ನಡದಲ್ಲಿ ದಾವೆ ನಡೆಸಿ, ಅದಕ್ಕೆ ಬೆಂಬಲವಾಗಿ ಇಂಗ್ಲಿಷ್ ತೀರ್ಪುಗಳನ್ನು ಓದಿ ಉಲ್ಲೇಖಿಸಬೇಕು. ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಭಾಷಾಂತರಿಸುವ ಪತ್ರಿಕೆಯೇ ಇದೆ. ಎರಡೂ ಭಾಷೆಗಳಲ್ಲಿ ನುರಿತವರಿಗೇ ಇಲ್ಲಿ ನೆಲೆ. ರಾಷ್ಟ್ರೀಯ ಶಾಲೆಯಿಂದ ಬಂದವರಿಗೆ ಒಂದು ಕೈ ಬಲ ಕಡಿಮೆ, ಜಿಲ್ಲಾ ಕಾಲೇಜಿನಿಂದ ಬಂದವರಿಗೆ ಇನ್ನೊಂದು. ಎರಡನ್ನೂ ಕಲಿಸುತ್ತೇವೆಂದು ಧೈರ್ಯವಾಗಿ ಹೇಳುವ ಕಾಲೇಜು ಎಲ್ಲಿದೆ ಎಂದು ಪೋಷಕರು ಕೇಳಬೇಕಿದೆ.

ಖಾಲಿ ಬೆಂಚುಗಳ ಸಮಸ್ಯೆ

ಜಿಲ್ಲಾ ಮಟ್ಟದ ಕಾನೂನು ಶಿಕ್ಷಣದ ದೊಡ್ಡ ರೋಗ ಭಾಷೆಯದಲ್ಲ, ಹಾಜರಾತಿಯದು. ‘ಕಾಲೇಜಿಗೆ ಹೋಗಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು’ ಎಂಬ ಮಾತನ್ನು ಪ್ರವೇಶದ ಸಮಯದಲ್ಲಿ ಕೇಳದ ಊರು ರಾಜ್ಯದಲ್ಲಿ ವಿರಳ. ಬೇರೆ ಕೆಲಸದಲ್ಲಿರುವವರು, ರಾಜಕೀಯದಲ್ಲಿರುವವರು, ಹೆಸರಿನ ಮುಂದೆ ಒಂದು ಪದವಿ ಬೇಕೆನ್ನುವವರು ಇದರ ಗಿರಾಕಿಗಳು. ಕಾನೂನು ಶಿಕ್ಷಣದ 2008ರ ನಿಯಮಗಳು ಪ್ರತಿ ವಿಷಯದಲ್ಲಿ ಶೇ 70 ಹಾಜರಾತಿ ಕೇಳುತ್ತವೆ. ಮೂರು ವರ್ಷದ ಕೋರ್ಸಿನವರಿಗೆ 12 ವಾರ, ಐದು ವರ್ಷದವರಿಗೆ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯ. ಅಣಕು ನ್ಯಾಯಾಲಯ, ಕಾನೂನು ನೆರವು ಕೇಂದ್ರ ಇರಲೇಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕಾನೂನು ಶಿಕ್ಷಣದ ನಿಯಂತ್ರಣ ಸಂಸ್ಥೆಯಾದ ವಕೀಲರ ಪರಿಷತ್ತು ಬಯೊಮೆಟ್ರಿಕ್ ಹಾಜರಾತಿ ಮತ್ತು ಸಿಸಿಟಿವಿ ಅಳವಡಿಸಬೇಕೆಂದೂ ಹೇಳಿತು. 2025ರ ಆಗಸ್ಟ್‌ನಲ್ಲಿ ಹೊಸ ಕಾನೂನು ಕಾಲೇಜುಗಳಿಗೆ ಮೂರು ವರ್ಷ ತಡೆ ಹಾಕಿತು. ಕಾಲೇಜುಗಳ ಸಂಖ್ಯೆ ಬೆಳೆದ ವೇಗದಲ್ಲಿ ಬೋಧನೆ ಬೆಳೆದಿಲ್ಲ ಎಂದು ನಿಯಂತ್ರಕರೇ ಒಪ್ಪಿಕೊಂಡಂತಾಯಿತು.

ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಾಜರಾತಿ ಬಿಗಿ ಮಾಡಿದರೆ ಮೊದಲು ಹೊರಬೀಳುವವನು ಪ್ರಭಾವಿಯಲ್ಲ. ಬೆಳಿಗ್ಗೆ ಹಾಲು ಡೇರಿಗೆ ಹಾಕಿ, ಸುಗ್ಗಿಯಲ್ಲಿ ಹೊಲಕ್ಕಿಳಿದು, ಉಳಿದ ಹೊತ್ತಿನಲ್ಲಿ ಓದುವ ಬಡ ವಿದ್ಯಾರ್ಥಿ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ಭಾರ ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ಬೀಳುತ್ತಿರುವಾಗ ವಿದ್ಯಾರ್ಥಿಯೊಬ್ಬನನ್ನೇ ದೂರುವುದು ನ್ಯಾಯವೂ ಅಲ್ಲ. ಹಾಗೆಂದು ಪಾಠವೇ ಕೇಳದವನ ಕೈಗೆ ಇನ್ನೊಬ್ಬರ ಜಮೀನಿನ, ಜಾಮೀನಿನ, ಜೀವನಾಂಶದ ಪ್ರಶ್ನೆಯನ್ನು ಒಪ್ಪಿಸುವುದನ್ನು ಯಾವ ಅನುಕಂಪವೂ ಸಮರ್ಥಿಸಲಾರದು. ತಪ್ಪಿದ ಒಂದು ವಾಯಿದೆ, ಸರಿಯಾಗಿ ಹಾಕದ ಒಂದು ತಕರಾರು ಅರ್ಜಿ ಒಂದು ಕುಟುಂಬದ ನೆಲವನ್ನೇ ಕಳೆಯಬಲ್ಲದು. ಖಾಲಿ ಬೆಂಚಿನ ನಷ್ಟವನ್ನು ಕೊನೆಗೆ ಭರಿಸುವವನು ಕಕ್ಷಿದಾರ.

ಪದವಿಯ ಆಚೆಗಿನ ಲೆಕ್ಕ

ಕಾಲೇಜು ಆರಿಸುವಾಗ ಮನೆಯವರು ಹಾಕುವ ಲೆಕ್ಕ ಸಾಮಾನ್ಯವಾಗಿ ಪದವಿ ಮುಗಿಯುವಲ್ಲಿಗೆ ನಿಲ್ಲುತ್ತದೆ. ನಿಜವಾದ ಖರ್ಚು ಅಲ್ಲಿಂದ ಶುರು. ಸನ್ನದು ನೋಂದಣಿಗೆ ಹತ್ತಾರು ಸಾವಿರ ರೂಪಾಯಿ ವಸೂಲು ಮಾಡುತ್ತಿದ್ದ ರೂಢಿಗೆ 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ತಡೆ ಹಾಕಿತು: ಸಾಮಾನ್ಯ ವರ್ಗಕ್ಕೆ ₹750, ಪರಿಶಿಷ್ಟರಿಗೆ ₹125ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಬಡ ಪದವೀಧರರಿಗೆ ಇದು ದೊಡ್ಡ ನೆರವು. ಬಳಿಕ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಅದಾದ ಮೇಲೆ ಹಿರಿಯ ವಕೀಲರ ಕಚೇರಿಯಲ್ಲಿ ಕೈಗೆ ಹೆಚ್ಚೇನೂ ಸಿಗದ ವರ್ಷಗಳು. ಕಿರಿಯರಿಗೆ ನಗರದಲ್ಲಿ ತಿಂಗಳಿಗೆ ₹20,000, ಗ್ರಾಮೀಣ ಭಾಗದಲ್ಲಿ ₹15,000 ಕೊಡಬೇಕೆಂದು 2024ರಲ್ಲಿ ವಕೀಲರ ಪರಿಷತ್ತು ಹೇಳಿದ್ದು ಶಿಫಾರಸು ಮಾತ್ರ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಪದವೀಧರರಿಗೆ ತರಬೇತಿ ಅವಧಿಯಲ್ಲಿ ರಾಜ್ಯ ಸರ್ಕಾರದ ಶಿಷ್ಯವೇತನ ಇದೆ; ಅರ್ಜಿ ಹಾಕದೆ ಅದನ್ನು ಕಳೆದುಕೊಳ್ಳುವವರೂ ಇದ್ದಾರೆ.

2025ರ ಮೇ 20ರಂದು ಸುಪ್ರೀಂ ಕೋರ್ಟ್ ಇನ್ನೊಂದು ಮುಖ್ಯ ಬದಲಾವಣೆ ತಂದಿತು. ಸಿವಿಲ್ ನ್ಯಾಯಾಧೀಶರ ಹುದ್ದೆಯ ಪರೀಕ್ಷೆಗೆ ಮೂರು ವರ್ಷಗಳ ವಕೀಲಿ ಅನುಭವ ಮತ್ತೆ ಕಡ್ಡಾಯವಾಯಿತು. ಪಿಯು ನಂತರ ಐದು ವರ್ಷದ ಕೋರ್ಸ್ ಮಾಡಿದವರಿಗೆ ಪರೀಕ್ಷೆ ಬರೆಯುವ ಹೊತ್ತಿಗೆ ಎಂಟು ವರ್ಷ ಕಳೆದಿರುತ್ತದೆ. ಬಿಎ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಬಂದವರಿಗೆ ಒಂಬತ್ತು. ನ್ಯಾಯಪೀಠಕ್ಕೆ ಅನುಭವ ಬೇಕೆಂಬುದು ಸರಿಯಾದ ಮಾತು. ಆದರೆ ಮದುವೆಯ ಒತ್ತಡ ಎದುರಿಸುವ ಹಳ್ಳಿಯ ಹುಡುಗಿಯರಿಗೆ, ಸಂಪಾದನೆಗೆ ಕಾಯುತ್ತಿರುವ ಮನೆಗಳಿಗೆ ಆ ಮೂರು ವರ್ಷ ಬಹಳ ಉದ್ದ. ಆ ಅವಧಿಯಲ್ಲಿ ದಿನವೂ ಬೇಲೂರು, ಅರಸೀಕೆರೆ ಅಥವಾ ಹಾಸನದ ನ್ಯಾಯಾಲಯಕ್ಕೆ ಮನೆಯಿಂದಲೇ ಹೋಗಿಬರುವವರು ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು. ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಇರಬೇಕಾದವರು ಕಸುಬನ್ನೇ ಬಿಡುವ ಸಾಧ್ಯತೆ ಹೆಚ್ಚು. ಓದಿದ ಊರಿನಲ್ಲೇ ಪರಿಚಯವಾದ ಹಿರಿಯ ವಕೀಲರು, ಗುಮಾಸ್ತರು, ಶಿರಸ್ತೇದಾರರು ಆ ವರ್ಷಗಳಲ್ಲಿ ಬಂಡವಾಳವಾಗುತ್ತಾರೆ. ರ್‍ಯಾಂಕಿಂಗ್ ಪಟ್ಟಿಗಳಲ್ಲಿ ಈ ಬಂಡವಾಳಕ್ಕೆ ಅಂಕವಿಲ್ಲ.

ಆಯ್ಕೆಯ ಹೊಣೆ ಯಾರದು?

ಹೀಗಿರುವಾಗ ದೊಡ್ಡ ಹೆಸರಿನ ಶಾಲೆಯೇ ಸರಿ ಎಂದೂ ಹೇಳಲಾಗದು, ಹತ್ತಿರದ ಕಾಲೇಜೇ ಸಾಕು ಎಂದೂ ಹೇಳಲಾಗದು. ಕಾರ್ಪೊರೇಟ್ ಕಾನೂನು, ಸಂಶೋಧನೆ, ಸುಪ್ರೀಂ ಕೋರ್ಟ್ ವಕೀಲಿಕೆಯ ಕಡೆ ಒಲವಿರುವ, ಇಂಗ್ಲಿಷ್ ಓದಿನ ಅಭ್ಯಾಸವಿರುವ ವಿದ್ಯಾರ್ಥಿ ಕ್ಲಾಟ್‌ಗೆ ಪ್ರಥಮ ಪಿಯುವಿನಿಂದಲೇ ಸಿದ್ಧವಾಗಬೇಕು. ಊರಿನವನೆಂಬ ಕಾರಣಕ್ಕೆ ಹಿಂಜರಿಯಬೇಕಿಲ್ಲ. ತಾಲ್ಲೂಕು, ಜಿಲ್ಲಾ ನ್ಯಾಯಾಲಯದಲ್ಲಿ ಬೇರೂರಬೇಕು, ನ್ಯಾಯಾಧೀಶರ ಪರೀಕ್ಷೆ ಬರೆಯಬೇಕು ಎನ್ನುವವರಿಗೆ ಹಾಸನದ ಕಾಲೇಜು ಕೀಳಾದ ಆಯ್ಕೆಯಲ್ಲ. ಶುಲ್ಕ ಕಟ್ಟುವ ಮುನ್ನ ಒಂದು ಕೆಲಸದ ದಿನ ಆ ಕಾಲೇಜಿಗೆ ಹೋಗಿ ಬರಬೇಕು. ಹನ್ನೊಂದು ಗಂಟೆಗೆ ಎಷ್ಟು ತರಗತಿಗಳಲ್ಲಿ ಪಾಠ ನಡೆಯುತ್ತಿದೆ, ಗ್ರಂಥಾಲಯದಲ್ಲಿ ಹೊಸ ಸಂಹಿತೆಗಳ ಪುಸ್ತಕ ಇದೆಯೇ, ಕಾನೂನು ನೆರವು ಕೇಂದ್ರದ ಬಾಗಿಲು ತೆರೆದಿದೆಯೇ ಎಂಬುದು ಯಾವ ಜಾಹೀರಾತಿಗಿಂತ ಹೆಚ್ಚು ತಿಳಿಸುತ್ತದೆ.

ಆದರೆ ಎಲ್ಲ ಹೊರೆಯನ್ನೂ ಹದಿನೇಳು ವರ್ಷದ ಮಗುವಿನ ಆಯ್ಕೆಯ ಮೇಲೆ ಹಾಕುವುದು ತಪ್ಪು. ಜಿಲ್ಲಾ ಕಾಲೇಜುಗಳಲ್ಲಿ ಖಾಲಿ ಇರುವ ಹುದ್ದೆಗಳನ್ನು ತುಂಬುವುದು, ಮೊದಲ ವರ್ಷದಲ್ಲೇ ತೀರ್ಪು ಓದಲು ಬೇಕಾದ ಇಂಗ್ಲಿಷ್ ಕಲಿಸುವುದು, ಹೊಸ ಸಂಹಿತೆಗಳ ಮೇಲೆ ನಂಬಲರ್ಹ ಕನ್ನಡ ಗ್ರಂಥಗಳನ್ನು ಬರೆಸುವುದು ಸರ್ಕಾರ ಮತ್ತು ವಿಶ್ವವಿದ್ಯಾಲಯದ ಕೆಲಸ. ಬಸ್ತಿಹಳ್ಳಿಯ ಸ್ಮಾರಕದ ಗೆರೆಯೊಳಗಿನ ಮನೆಯವರಿಗೆ ಅರ್ಜಿ ಬರೆದುಕೊಡುವ ಕೆಲಸವನ್ನು ಹಾಸನದ ಕಾನೂನು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್‌ನ ಭಾಗವಾಗಿ ವಹಿಸಿದರೆ ಊರಿಗೂ ಓದಿಗೂ ಲಾಭ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, 2008ರ ನಿಯಮಗಳಲ್ಲಿಯೇ ಅವಕಾಶವಿದೆ. ಬೆಂಗಳೂರಿನ ಒಂದು ಶಾಲೆಯ ಕಾಲು ಭಾಗ ಸೀಟಿಗಾಗಿ ರಾಜ್ಯ ಹೈಕೋರ್ಟ್‌ವರೆಗೆ ಹೋರಾಡಿತು. ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಓದುತ್ತಿರುವವರಿಗಾಗಿ ಅಷ್ಟೇ ಹುರುಪಿನಿಂದ ದುಡಿಯಬೇಕಾದ ಹೊಣೆ ಇನ್ನೂ ಬಾಕಿ ಇದೆ. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಆರಂಭವಾಗುವ ಮುನ್ನ ಪೋಷಕರು, ವಕೀಲರ ಸಂಘಗಳು ಮತ್ತು ಜನಪ್ರತಿನಿಧಿಗಳು ತಮ್ಮ ಜಿಲ್ಲೆಯ ಕಾಲೇಜಿನಲ್ಲಿ ಎಷ್ಟು ಕಾಯಂ ಅಧ್ಯಾಪಕರಿದ್ದಾರೆ ಎಂಬ ಒಂದು ಪ್ರಶ್ನೆಯನ್ನಾದರೂ ಲಿಖಿತವಾಗಿ ಕೇಳಲಿ.